ಚಳಿಗಾಲದ ಮಲ್ಪೆ: ನಡುಹಗಲು ನೆರಳಿಗೆ

ಡಿಸೆಂಬರ್, ಜನವರಿಯಲ್ಲಿ ಮನೆಮಂದಿಯೆಲ್ಲ ಮಲ್ಪೆಗೆ ಹೊರಟರೆ ಕಡಲು ನಿಮ್ಮ ಪರ, ಬಿಸಿಲು ಮಾತ್ರ ಅಲ್ಲ. ಚಳಿಗಾಲ ಎಂಬ ಹೆಸರು ನಂಬಿ ಟೋಪಿ ಮರೆಯಬೇಡಿ. ಕರಾವಳಿಯಲ್ಲಿ ಜುಲೈ ಮಧ್ಯಾಹ್ನಕ್ಕಿಂತ ಡಿಸೆಂಬರ್ ಮಧ್ಯಾಹ್ನವೇ ಹೆಚ್ಚು ಸುಡುತ್ತದೆ: ಮೋಡವಿಲ್ಲ, ಮಳೆಯಿಲ್ಲ, 32 ಡಿಗ್ರಿ ಮಾಮೂಲು. ಬರಿಗಾಲಲ್ಲಿ ಓಡಿದ ಮಗು ಒದ್ದೆ ಮರಳು ಸಿಗುವವರೆಗೂ ಕುಣಿಯುತ್ತಲೇ ಇರುತ್ತದೆ. ಹಾಗಾಗಿ ಕಡಲಿಗೆ ಬೆಳಿಗ್ಗೆ ಮತ್ತು ಸಂಜೆ ಕೊಡಿ, ನಡುಹಗಲನ್ನು ಊಟಕ್ಕೂ ನೆರಳಿಗೂ ಬಿಡಿ. ಬೆಳಿಗ್ಗೆ ಗಾಳಿ ನೆಲದಿಂದ ಕಡಲಿನತ್ತ ಬೀಸುವುದರಿಂದ ಅಲೆ ತಗ್ಗಿರುತ್ತದೆ. ಸೇಂಟ್ ಮೇರಿಸ್ ದ್ವೀಪದ ದೋಣಿ ಹತ್ತಲು ಅದೇ ಸರಿಯಾದ ಹೊತ್ತು. ಮಳೆಗಾಲದಲ್ಲಂತೂ ಈ ದೋಣಿಗಳೇ ಇಲ್ಲ. ಕೋಟ್ಯಂತರ ವರ್ಷಗಳ ಹಿಂದೆ ಲಾವಾ ತಣ್ಣಗಾಗುತ್ತ ಕುಗ್ಗಿ, ಸೀಳಿ ನಿಂತ ಕಲ್ಲುಕಂಬಗಳು ಅಲ್ಲಿವೆ. ಯಾವುದಕ್ಕೆ ಐದು ಮೂಲೆ, ಯಾವುದಕ್ಕೆ ಆರು ಎಂದು ಎಣಿಸುವ ಕೆಲಸ ಮಕ್ಕಳಿಗೆ ಕೊಡಿ, ಸೆಲ್ಫಿ ಆಮೇಲೆ.

ಅಷ್ಟು ದೂರದಿಂದ ಒಂದೇ ದಿನಕ್ಕೆ ಬಂದು ಮಧ್ಯಾಹ್ನ ಕಳೆದುಕೊಳ್ಳುವುದೇ ಎಂದು ಕೇಳಬಹುದು. ನಾಲ್ಕಕ್ಕೆ ಮರಳಿಗೆ ಇಳಿದರೂ ಸೂರ್ಯ ಮುಳುಗಲು ಎರಡು ಗಂಟೆ ಉಳಿದಿರುತ್ತದೆ; ಬಳಲಿದ ಮಕ್ಕಳೊಂದಿಗೆ ಕಳೆಯುವ ಆರು ಗಂಟೆಗಿಂತ ಅದು ವಾಸಿ. ಕಡಲು ಶಾಂತವಾಗಿದ್ದರೆ ಈಜಲು ಭಯವೇಕೆ ಎಂಬ ಮಾತು ಮಾತ್ರ ಅಪಾಯದ್ದು. ಅಕ್ಕಪಕ್ಕದಲ್ಲಿ ಅಲೆ ಒಡೆಯುತ್ತಿದ್ದು, ನಡುವೆ ಒಂದು ಪಟ್ಟಿಯಷ್ಟು ನೀರು ಗಾಢ ಬಣ್ಣದಲ್ಲಿ ಸುಮ್ಮನಿದ್ದರೆ, ನೀರು ಒಳಕ್ಕೆ ಸೆಳೆಯುವುದು ಬಹುತೇಕ ಅಲ್ಲೇ. ಸಿಕ್ಕಿಬಿದ್ದರೆ ದಡಕ್ಕೆ ನೇರವಾಗಿ ಹೋರಾಡದೆ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬರಬೇಕು. ಮಕ್ಕಳನ್ನು ಇಳಿಸುವ ಮುನ್ನ ಅಲ್ಲಿನ ಜೀವರಕ್ಷಕರನ್ನು ಜಾಗ ಕೇಳಿಕೊಳ್ಳಿ.