ಹಾಡು ನಿಂತಿದೆ, ಮೆಮೊರಿ ಏರುತ್ತಿದೆ

ಪ್ರಶ್ನೆ: ಬ್ಲೂಟೂತ್ ಸ್ಪೀಕರ್ ಸಂಪರ್ಕ ಕಡಿದ ಮೇಲೂ ಕಂಪ್ಯೂಟರಿನ ಮ್ಯೂಸಿಕ್ ಪ್ಲೇಯರ್ ಮೆಮೊರಿ ನುಂಗುತ್ತಲೇ ಹೋಗುತ್ತದೆ. ಯಾಕೆ?

ಉತ್ತರ: ಪ್ಲೇಯರ್‌ನ ಒಂದು ಭಾಗ ಎಂಪಿ3 ಕಡತವನ್ನು ಬಿಡಿಸಿ, ಸಿಕ್ಕ ಧ್ವನಿಯನ್ನು ಮೆಮೊರಿಯ ತಾತ್ಕಾಲಿಕ ಜಾಗವಾದ ಬಫರ್‌ಗೆ ತುಂಬುತ್ತದೆ, ಇನ್ನೊಂದು ಅದನ್ನು ಎತ್ತಿ ಸ್ಪೀಕರ್‌ಗೆ ಕೊಡುತ್ತದೆ. ಸ್ಪೀಕರ್ ಹೋದರೆ ಎತ್ತುವ ಕೆಲಸ ನಿಲ್ಲುತ್ತದೆ. ಬಫರ್‌ಗೆ ಮಿತಿ ಹಾಕಿದ್ದರೆ ತುಂಬುವ ಭಾಗವೂ ಅಲ್ಲೇ ಕಾಯುತ್ತದೆ. ಹಾಕಿರದಿದ್ದರೆ ತುಂಬುತ್ತಲೇ ಇರುತ್ತದೆ. ಸಿಡಿ ಗುಣಮಟ್ಟದ ಸ್ಟೀರಿಯೋ ಧ್ವನಿಗೆ ಸೆಕೆಂಡಿಗೆ 1,76,400 ಬೈಟ್ ಬೇಕು, ಅಂದರೆ ನಿಮಿಷಕ್ಕೆ 10 ಎಂಬಿಗೂ ಹೆಚ್ಚು. ಅದೂ ಸ್ಪೀಕರ್ ನುಡಿಸುವ ವೇಗದಲ್ಲಿ. ಆ ಕಡಿವಾಣ ತಪ್ಪಿದರೆ ಇಡೀ ಆಲ್ಬಮ್ಮೇ ಬೇಗಬೇಗ ಬಿಚ್ಚಿಕೊಂಡು ಮೆಮೊರಿಯಲ್ಲಿ ಬಂದು ಕೂರಬಹುದು.

ಟಾಸ್ಕ್ ಮ್ಯಾನೇಜರ್ ತೆರೆದಿಟ್ಟುಕೊಂಡು ಪ್ಲೇಯರ್‌ನಲ್ಲಿ ಪಾಝ್ ಒತ್ತಿ ನೋಡಿ. ಏರಿಕೆ ನಿಂತರೆ ಅನುಮಾನ ಬಫರ್ ಮೇಲೆಯೇ. ನಿಲ್ಲದಿದ್ದರೆ, ಕಾಣೆಯಾದ ಸ್ಪೀಕರನ್ನು ಪ್ಲೇಯರ್ ಮತ್ತೆಮತ್ತೆ ತೆರೆಯಲು ಹೋಗಿ, ಪ್ರತಿಸಲ ಪಡೆದ ಮೆಮೊರಿಯನ್ನು ಹಿಂತಿರುಗಿಸದೆ ಬಿಡುತ್ತಿರಬಹುದು. ಅಸಲಿ ಮೆಮೊರಿ ಸೋರಿಕೆ ಇದೇ. ಸದ್ಯಕ್ಕೆ ಪ್ಲೇಯರ್ ಪೂರ್ತಿ ಮುಚ್ಚಿ ತೆರೆಯಿರಿ, ಹೊಸ ಆವೃತ್ತಿಯಿದ್ದರೆ ಹಾಕಿಕೊಳ್ಳಿ. ಆದರೆ ತಿದ್ದಬೇಕಾದವರು ತಂತ್ರಾಂಶ ಬರೆದವರು. ಪಾಝ್ ಒತ್ತಿದಾಗ ಏನಾಯಿತು ಎಂಬುದನ್ನು ಆವೃತ್ತಿ ಸಂಖ್ಯೆಯ ಸಮೇತ ಅವರಿಗೆ ಬರೆಯಿರಿ.