ಕೂಡಲು ಮತ್ತು ಕೊಳುಕೊಡೆ: ಕಡಲ ಸೂಕ್ಷ್ಮಜೀವಿಗಳ ಸಂಬಂಧಕ್ಕೆ ಕನ್ನಡದ ಮಾತು

ನಂಜನಗೂಡಿನಲ್ಲಿ ಕಪಿಲೆಯನ್ನು ಗುಂಡ್ಲು ನದಿ ಸೇರುತ್ತದೆ, ತಿ. ನರಸೀಪುರದಲ್ಲಿ ಕಪಿಲೆಯೇ ಕಾವೇರಿಯನ್ನು ಸೇರುತ್ತದೆ. ಕಣ್ಣಿಗೆ ಕಾಣದ ಸ್ಫಟಿಕ ಸರೋವರವನ್ನೂ ಎಣಿಕೆಗೆ ತೆಗೆದುಕೊಂಡ ಜನಪರಂಪರೆ ಈ ಸ್ಥಳವನ್ನು ತಿರುಮಕೂಡಲು ಎಂದು ಕರೆದಿದೆ. ‘ಕೂಡು’ ಧಾತುವಿನಿಂದ ಬಂದ ‘ಕೂಡಲು’ ನೀರು ನೀರಿನೊಡನೆ ಒಂದಾಗುವುದನ್ನು ಸೂಚಿಸುತ್ತದೆ. ಆದರೆ ಇದೇ ನೀರು ಪೂಂಪುಹಾರದ ಬಳಿ ಬಂಗಾಳಕೊಲ್ಲಿಯನ್ನು ಮುಟ್ಟಿದಾಗ ಸಂಭವಿಸುವುದು ಬೇರೆಯೇ. ಹಗುರವಾದ ಸಿಹಿನೀರು ಉಪ್ಪುನೀರಿನ ಮೇಲೆ ಪದರವಾಗಿ ಹರಡಿಕೊಳ್ಳುತ್ತದೆ. (ಈ ಪದರದಲ್ಲಿ ಕಾವೇರಿಯ ಪಾಲು ಅತ್ಯಲ್ಪ, ಹೆಚ್ಚಿನದು ಗಂಗೆ, ಬ್ರಹ್ಮಪುತ್ರೆಯಂತಹ ಮಹಾನದಿಗಳದು.) ಕೂಡಿಯೂ ಬೆರೆಯದ ಈ ಸ್ಥಿತಿಯಿಂದಾಗಿ ಆಳದ ಪೋಷಕಾಂಶಗಳು ಸುಲಭವಾಗಿ ಮೇಲೇರಲಾರವು. ಅಲ್ಲಿನ ಸೂಕ್ಷ್ಮಜೀವಿಗಳ ಬದುಕನ್ನು ಬಹುಮಟ್ಟಿಗೆ ನಿರ್ಧರಿಸುವುದು ಇದೇ.

ಸೂರ್ಯನ ಬೆಳಕು ಕಡಲಿನಲ್ಲಿ ಉಪಯುಕ್ತವಾಗಿ ಇಳಿಯುವುದು ಹೆಚ್ಚೆಂದರೆ ಸುಮಾರು 200 ಮೀಟರ್. ಈ ಬೆಳಕಿನ ವಲಯದಲ್ಲಿ ಆಹಾರ ತಯಾರಿಸುವ ಪ್ರೊಕ್ಲೊರೊಕಾಕಸ್ ಎಂಬ ಬ್ಯಾಕ್ಟೀರಿಯಾದ ವಿವರ 1988ರಲ್ಲಿ ಪ್ರಕಟವಾಯಿತು. ಅದರ ಒಂದು ಬಳಗ ಮೇಲ್ಮೈಯ ಪ್ರಖರ ಬೆಳಕಿಗೂ ಮತ್ತೊಂದು ಆಳದ ಮಂದ ಬೆಳಕಿಗೂ ಒಗ್ಗಿಕೊಂಡಿವೆ. ಬಿಸಿಲಿನಿಂದ ನೀರಿನಲ್ಲಿ ಉಂಟಾಗುವ ಹೈಡ್ರೋಜನ್ ಪೆರಾಕ್ಸೈಡ್ ಇದಕ್ಕೆ ವಿಷ. ಅದನ್ನು ಒಡೆಯುವ ಕೆಟಲೇಸ್ ಕಿಣ್ವ ಇದರಲ್ಲಿಲ್ಲ. ಆ ಕೆಲಸವನ್ನು ನೆರೆಯ ಬ್ಯಾಕ್ಟೀರಿಯಾಗಳು ಮಾಡಿಕೊಡುತ್ತವೆ. ಇದು ಹೊರಸೂಸುವ ಸಾವಯವ ವಸ್ತುಗಳು ಅವುಗಳಿಗೆ ಆಹಾರವಾಗುತ್ತವೆ. ಪಠ್ಯಪುಸ್ತಕಗಳು ಇಂತಹುದನ್ನು ‘ಪರಸ್ಪರ ಕ್ರಿಯೆ’ ಎನ್ನುತ್ತವೆ. ಯಾರು ಕೊಟ್ಟರು, ಯಾರು ಪಡೆದರು ಎಂಬುದನ್ನು ಈ ಪದ ಮರೆಮಾಡುತ್ತದೆ. ‘ಕೊಳುಕೊಡೆ’ ಎಂದರೆ ವಿಜ್ಞಾನವೂ ಕೆಡದು, ಕನ್ನಡವೂ ಬಳಲದು.

ಈ ಕೊಳುಕೊಡೆ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಮೇಲೆ ಸತ್ತ ಜೀವಕಣಗಳು ಕೆಳಗಿಳಿದು ಕತ್ತಲಿನ ಬ್ಯಾಕ್ಟೀರಿಯಾಗಳಿಗೆ ಆಹಾರವಾಗುತ್ತವೆ. ಅದನ್ನು ಕರಗಿಸುವಾಗ ಅವು ಆಮ್ಲಜನಕವನ್ನು ವ್ಯಯಿಸುತ್ತವೆ. ಅರಬ್ಬೀ ಸಮುದ್ರದ ಸುಮಾರು 150ರಿಂದ 1000 ಮೀಟರ್ ಆಳದಲ್ಲಿ ಆಮ್ಲಜನಕ ಬಹುತೇಕ ಇಲ್ಲವಾಗಿ, ಬ್ಯಾಕ್ಟೀರಿಯಾಗಳು ಅದರ ಬದಲು ನೈಟ್ರೇಟನ್ನು ಬಳಸಿ ಸಾರಜನಕವನ್ನು ಅನಿಲವಾಗಿಸಿ ಬಿಡುತ್ತವೆ. ಅದೇ ಸಮುದ್ರದ ಮೇಲ್ಮೈಯಲ್ಲಿ, ಮುಂಗಾರಿಗೆ ಮುನ್ನ ನಮ್ಮ ಕರಾವಳಿಯಾಚೆ ಕಾಣಿಸಿಕೊಳ್ಳುವ ಟ್ರೈಕೊಡೆಸ್ಮಿಯಂ ಸಾರಜನಕವನ್ನು ಹಿಡಿದಿಡುತ್ತದೆ. ಬಂಗಾಳಕೊಲ್ಲಿಯ ಆಳದಲ್ಲಿಯೂ ಆಮ್ಲಜನಕ ಅತಿ ವಿರಳ. ಆದರೆ ಉಳಿದ ಲೇಶದಿಂದಲೇ ಸಾರಜನಕದ ನಷ್ಟ ಅಲ್ಲಿ ತೀರ ಕಡಿಮೆ. ಪಶ್ಚಿಮಘಟ್ಟದ ಒಂದೇ ಮಳೆ ಪಡುವಣಕ್ಕೂ ಮೂಡಣಕ್ಕೂ ಹರಿದು ಸೇರುವ ಎರಡು ಕಡಲುಗಳ ಲೆಕ್ಕ ಇಷ್ಟು ಬೇರೆ.

ಎಲ್ಲ ಸಂಬಂಧವೂ ಕೊಳುಕೊಡೆಯಲ್ಲ ಎಂಬುದನ್ನೂ ಗಮನಿಸಬೇಕು. ವೈರಾಣು ಬ್ಯಾಕ್ಟೀರಿಯಾವನ್ನು ಒಡೆದಾಗ ಅದರ ಒಳಗಿನ ದ್ರವ್ಯ ನೀರಿಗೆ ಚೆಲ್ಲಿ ಸುತ್ತಲಿನ ಜೀವಿಗಳ ಪಾಲಾಗುತ್ತದೆ. ಇದಕ್ಕೆ ‘ಸೂರೆ’ ಎಂಬ ಪದ ಹೊಂದುತ್ತದೆ: ಸೂರೆಗೊಳ್ಳುವುದೆಂದರೆ ದೋಚುವುದು, ಸೂರೆಗೊಡುವುದೆಂದರೆ ಧಾರಾಳವಾಗಿ ಹಂಚುವುದು.