ಏಳು ರಾತ್ರಿಗಳ ಒಡೆತನ

ಮನೆ ಎಂಬ ಮಾತಿಗೂ ಒಡೆತನ ಎಂಬ ಮಾತಿಗೂ ನಮ್ಮ ಮನಸ್ಸಿನಲ್ಲಿ ಬಿಡಿಸಲಾಗದ ನಂಟು. ಹತ್ತಾರು ವರ್ಷ ಬಾಡಿಗೆಯ ಮನೆಯಲ್ಲಿದ್ದು, ಸಾಲಸೋಲ ಮಾಡಿ ಒಂದು ನಿವೇಶನ ಕೊಂಡು, ಕ್ರಯಪತ್ರವನ್ನು ಕೈಯಲ್ಲಿ ಹಿಡಿದು ನೋಂದಣಿ ಕಚೇರಿಯಿಂದ ಹೊರಬರುವ ಗೃಹಸ್ಥನ ತೃಪ್ತಿಯನ್ನು ಬಲ್ಲವರೇ ಬಲ್ಲರು. ಆ ಕಾಗದವನ್ನು ಬೀರುವಿನ ಒಳಖಾನೆಯಲ್ಲಿ ಒಡವೆಗಳ ಜೊತೆಗೆ ಇಡುತ್ತೇವೆ. ಈ ನೆಲ ನಮ್ಮದು, ನಮ್ಮ ಅನಂತರ ಮಕ್ಕಳದು ಎಂಬ ಧೈರ್ಯವನ್ನು ಅದು ಕೊಡುತ್ತದೆ.

ಈಗ ಒಂದು ವಿಚಿತ್ರ ಕ್ರಯಪತ್ರವನ್ನು ಕುರಿತು ಯೋಚಿಸೋಣ. ಅದೂ ಶಾಸ್ತ್ರೋಕ್ತವಾಗಿ ನೋಂದಣಿಯಾದದ್ದೇ. ಸರ್ಕಾರದ ದಫ್ತರದಲ್ಲಿ ಕೊಂಡವನ ಹೆಸರಿದೆ; ಆತ ಆಸ್ತಿ ತೆರಿಗೆಯ ತನ್ನ ಪಾಲನ್ನೂ ತೆರುತ್ತಾನೆ. ಆದರೆ ಆ ಮನೆಗೆ ಆತ ತನ್ನ ಬೀಗ ಹಾಕಲಾರ, ಗೋಡೆಗೆ ಒಂದು ಮೊಳೆ ಹೊಡೆಯಲಾರ. ವರ್ಷದಲ್ಲಿ ಸುಮಾರು ಏಳು ರಾತ್ರಿ ಅಲ್ಲಿ ತಂಗಬಹುದು. ಅದೂ ಮುಂಚಿತವಾಗಿ ಕೇಳಿಕೊಂಡರೆ, ಆ ದಿನಗಳಲ್ಲಿ ಸ್ಥಳ ಉಳಿದಿದ್ದರೆ. ಅಮೆರಿಕದಲ್ಲಿ ಟೈಮ್‌ಷೇರ್ ಎಂದು ಹೆಸರಾದ ಈ ಒಡೆತನವು ವಾರಗಳ ಲೆಕ್ಕದಿಂದ ಪಾಯಿಂಟುಗಳ ಲೆಕ್ಕಕ್ಕೆ ಹೊರಳಿದಾಗ ಹುಟ್ಟಿದ ರೂಪವಿದು.

ನಮ್ಮ ನಗರಗಳ ಎಷ್ಟೋ ಮನೆಗಳ ಮಕ್ಕಳು ಆ ದೇಶದಲ್ಲಿ ನೆಲಸಿದ್ದಾರೆ. ರಜೆಯಲ್ಲಿ ವಿಹಾರಸ್ಥಳಗಳಿಗೆ ಹೋದ ಕುಟುಂಬಗಳನ್ನು ಉಚಿತ ಊಟದ ಅಥವಾ ಅಗ್ಗದ ಟಿಕೆಟ್ಟಿನ ಆಸೆ ತೋರಿಸಿ ಮಾರಾಟದ ಕೊಠಡಿಗೆ ಕರೆದೊಯ್ಯುವುದು ಅಲ್ಲಿ ಸಾಮಾನ್ಯ. ‘ಇದು ಬಾಡಿಗೆಯಲ್ಲ, ಆಸ್ತಿ’ ಎಂಬ ಮಾತು ಅಲ್ಲಿ ಕಿವಿಗೆ ಬೀಳುತ್ತದೆ. ಆ ಮಾತು ಸುಳ್ಳಲ್ಲ. ಆದರೆ ಅದರ ಪೂರ್ಣಾರ್ಥವನ್ನು ತಿಳಿಯದೆ ರುಜು ಹಾಕುವುದು ಕ್ಷೇಮವಲ್ಲ.

ವಾರದಿಂದ ಪಾಯಿಂಟಿಗೆ

ಈ ಪದ್ಧತಿಯ ತವರು ಯೂರೋಪು. ೧೯೬೦ರ ದಶಕದಲ್ಲಿ ಫ್ರಾನ್ಸಿನ ಆಲ್ಪ್ಸ್ ಪರ್ವತದ ಹಿಮಕ್ರೀಡಾ ಸ್ಥಳವೊಂದರಲ್ಲಿ, ಪ್ರತಿವರ್ಷವೂ ಕೋಣೆಗೆ ಬಾಡಿಗೆ ತೆರುವ ಬದಲು ವಸತಿಯಲ್ಲಿ ಒಂದು ಪಾಲನ್ನೇ ಕೊಳ್ಳಿರೆಂದು ಜನರನ್ನು ಆಹ್ವಾನಿಸಿದರು. ಅದೇ ದಶಕದ ೧೯೬೩ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ಸ್ಥಾಪಿತವಾದ ಹಪಿಮಾಗ್ ಸಂಸ್ಥೆ ಬೇರೊಂದು ದಾರಿ ಹಿಡಿಯಿತು. ಅಲ್ಲಿ ಸದಸ್ಯ ಕೊಳ್ಳುವುದು ಕಂಪನಿಯ ಷೇರು, ಮನೆಗಳು ಕಂಪನಿಯವು, ಷೇರಿನ ಫಲವಾಗಿ ಸದಸ್ಯನಿಗೆ ವರ್ಷವರ್ಷವೂ ಪಾಯಿಂಟುಗಳು ದೊರೆಯುತ್ತವೆ. ಅಮೆರಿಕಕ್ಕೆ ಬಂದಾಗ ಈ ಕಲ್ಪನೆ ಆ ದೇಶದ ಆಸ್ತಿ ಕಾನೂನಿನ ವೇಷ ತೊಟ್ಟಿತು. ಒಂದು ಮನೆಯ ಒಡೆತನವನ್ನು ವರ್ಷದ ವಾರಗಳಿಗೆ ಹಂಚಿ, ದುರಸ್ತಿಗೆಂದು ಒಂದೆರಡು ವಾರ ಉಳಿಸಿ, ಮಿಕ್ಕ ಒಂದೊಂದು ವಾರಕ್ಕೂ ಬೇರೆ ಬೇರೆ ಕ್ರಯಪತ್ರಗಳನ್ನು ಬರೆದುಕೊಟ್ಟರು.

ಕಾಲವನ್ನು ಸ್ವತ್ತಿನಂತೆ ಹಂಚಿಕೊಳ್ಳುವುದು ನಮಗೆ ಹೊಸತೇನೂ ಅಲ್ಲ. ದೇವಾಲಯಗಳಲ್ಲಿ ಅರ್ಚಕರ ಮನೆತನಗಳು ಪೂಜೆಯ ಸರದಿಯನ್ನು ತಮ್ಮತಮ್ಮಲ್ಲಿ ಹಂಚಿಕೊಂಡಿರುವುದನ್ನು ನೋಡಿದ್ದೇವೆ. ಅಂಥ ಸರದಿಯು ತಂದೆಯಿಂದ ಮಕ್ಕಳಿಗೆ ಬರುವ ಹಕ್ಕೆಂದು ನ್ಯಾಯಾಲಯಗಳೂ ಮನ್ನಿಸಿವೆ. ಸರದಿ ಬಂದ ದಿನ ದೇವರ ಮುಂದಿನ ಆದಾಯ ಹೇಗೋ ಹಾಗೆಯೇ ದೇವರ ಸೇವೆಯ ಭಾರವೂ ಆ ಮನೆಯದು. ಈ ಎರಡನೆಯ ಮಾತನ್ನು ವಾಚಕರು ನೆನಪಿನಲ್ಲಿಡಬೇಕು.

ವಾರದ ಪದ್ಧತಿ ಸರಳವಾಗಿತ್ತು, ಆದರೆ ಬಿಗಿಯಾಗಿತ್ತು. ಫೆಬ್ರವರಿಯ ಮೂರನೆಯ ವಾರ ನಿಮ್ಮದಾದರೆ, ಮಗಳ ಪರೀಕ್ಷೆ ಅದೇ ವಾರ ಬಂದರೂ ಬದಲಾವಣೆಯಿಲ್ಲ. ಒಬ್ಬರ ವಾರವನ್ನು ಮತ್ತೊಬ್ಬರ ವಾರಕ್ಕೆ ಅದಲು ಬದಲು ಮಾಡಿಕೊಡಲು ೧೯೭೪ರಲ್ಲಿ ಇಂಡಿಯಾನಾಪೊಲಿಸ್ ನಗರದಲ್ಲಿ ಆರ್.ಸಿ.ಐ. ಎಂಬ ವಿನಿಮಯ ಸಂಸ್ಥೆ ಹುಟ್ಟಿತು. ಅದಲು ಬದಲು ಎಂದ ಮೇಲೆ ತೂಕದ ಪ್ರಶ್ನೆ ಬರುತ್ತದೆ. ಮಳೆಗಾಲದ ವಾರಕ್ಕೂ ಕ್ರಿಸ್‌ಮಸ್ ವಾರಕ್ಕೂ ಸಮ ಹೇಗೆ? ಎಲ್ಲವನ್ನೂ ಒಂದೇ ತಕ್ಕಡಿಯಲ್ಲಿ ತೂಗಬಲ್ಲ ಬಟ್ಟು ಬೇಕಾಯಿತು. ಪಾಯಿಂಟು ಅಂಥ ಬಟ್ಟು.

ಪತ್ರದಲ್ಲಿ ಇರುವುದೇನು?

ಪಾಯಿಂಟ್ ಪದ್ಧತಿಯಲ್ಲಿ ಕೊಂಡವನ ಕೈಗೆ ಬರುವುದು ಎರಡು ವಸ್ತುಗಳು. ಒಂದು ಕ್ರಯಪತ್ರ; ಇನ್ನೊಂದು ವರ್ಷಕ್ಕೆ ಇಷ್ಟು ಪಾಯಿಂಟು ಎಂಬ ಲೆಕ್ಕ. ಎರಡೂ ಒಂದೇ ಎಂದು ಜನ ಭಾವಿಸುತ್ತಾರೆ. ಕಾನೂನಿನ ದೃಷ್ಟಿಯಲ್ಲಿ ಅವು ಬೇರೆ ಬೇರೆ.

ಕ್ರಯಪತ್ರದಲ್ಲಿ ಸಾಮಾನ್ಯವಾಗಿ ನಿರ್ದಿಷ್ಟ ಕಟ್ಟಡದ ನಿರ್ದಿಷ್ಟ ಘಟಕದಲ್ಲಿ ಇಷ್ಟು ಶೇಕಡ ‘ಅವಿಭಕ್ತ ಪಾಲು’ ಎಂದು ಬರೆದಿರುತ್ತದೆ. ನಮ್ಮ ಶಾಸನಗಳನ್ನು ಓದಿದವರಿಗೆ ಇದರ ರೀತಿ ಅಪರಿಚಿತವಲ್ಲ. ಅಗ್ರಹಾರದ ಭೂಮಿಯನ್ನು ಇಂತಿಷ್ಟು ವೃತ್ತಿಗಳೆಂದು ಗಣಿಸಿ ಮಹಾಜನರಿಗೆ ಹಂಚುತ್ತಿದ್ದರು. ವೃತ್ತಿಯು ಪಾಲಿನ ಅಳತೆಯಾಗಿತ್ತು. ಇಲ್ಲಿಯೂ ಹಾಗೆಯೇ; ಪಾಯಿಂಟು ಪಾಲಿನ ಅಳತೆ.

ಒಂದು ಕಲ್ಪಿತ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಒಂದು ಮನೆ ಇದೆಯೆನ್ನೋಣ. ಬೇಡಿಕೆ ಹೆಚ್ಚಿರುವ ದಿನಗಳಲ್ಲಿ ಒಂದು ರಾತ್ರಿಗೆ ೪೦ ಪಾಯಿಂಟು, ಜನ ಬಾರದ ದಿನಗಳಲ್ಲಿ ೧೨; ವರ್ಷದ ಸರಾಸರಿ ರಾತ್ರಿಗೆ ೨೦. ಹಾಗಾದರೆ ೩೬೫ ರಾತ್ರಿಗಳಿಗೆ ಆ ಮನೆಯ ಒಟ್ಟು ಬೆಲೆ ೭,೩೦೦ ಪಾಯಿಂಟು. ೧೪೬ ಪಾಯಿಂಟು ಕೊಂಡ ಕುಟುಂಬಕ್ಕೆ ಆ ಮನೆಯಲ್ಲಿ ಶೇಕಡ ೨ರ ಪಾಲು ಬಂದಂತಾಯಿತು. ಸರಾಸರಿ ಲೆಕ್ಕದಲ್ಲಿ ಅದು ಏಳು ರಾತ್ರಿಗಳಿಗೆ ತುಸು ಹೆಚ್ಚು. ಆದರೆ ಕ್ರಿಸ್‌ಮಸ್ ಸಮಯದಲ್ಲಿ ಹೋದರೆ ಮೂರೇ ರಾತ್ರಿಗೆ ೧೨೦ ಪಾಯಿಂಟು ಕರಗುತ್ತದೆ. ಜನ ಬಾರದ ಕಾಲದಲ್ಲಿ ಹನ್ನೆರಡು ರಾತ್ರಿ ತಂಗಿದರೂ ೧೪೪ ಸಾಕು. ಮಕ್ಕಳ ಶಾಲೆಯ ರಜೆಗೆ ಕಟ್ಟುಬಿದ್ದ ಕುಟುಂಬಕ್ಕೂ ನಿವೃತ್ತ ದಂಪತಿಗಳಿಗೂ ಒಂದೇ ಪತ್ರದಿಂದ ಬರುವ ಫಲ ಬೇರೆ ಬೇರೆ.

ಪಾಯಿಂಟು ನೆಲಕ್ಕೆ ಹೀಗೆ ಅಂಟಿಕೊಂಡಿದ್ದರೆ ಕೊಂಡವನಿಗೆ ಒಂದು ರಕ್ಷಣೆಯುಂಟು. ಮನೆಯ ಒಟ್ಟು ಪಾಯಿಂಟು ೭,೩೦೦ ಎಂದು ಕಟ್ಟು ಬಿದ್ದ ಮೇಲೆ, ಆಡಳಿತದವರು ಕ್ರಿಸ್‌ಮಸ್ ರಾತ್ರಿಯ ದರವನ್ನು ಏರಿಸಿದರೆ ಮತ್ತಾವುದೋ ರಾತ್ರಿಯ ದರವನ್ನು ಅಷ್ಟೇ ಇಳಿಸಬೇಕಾಗುತ್ತದೆ. ಪಾಯಿಂಟು ನಾಣ್ಯದಂತೆ ಸವೆಯುವುದಿಲ್ಲ. ಫ್ಲಾರಿಡಾ ರಾಜ್ಯದ ಕಾನೂನು ಕೂಡ, ತಂಗಲು ಇರುವ ರಾತ್ರಿಗಳನ್ನು ಮೀರಿ ಹಕ್ಕುಗಳನ್ನು ಮಾರದಂತೆ ತಡೆಯುತ್ತದೆ. ಪತ್ರದ ನಿಜವಾದ ಗುಣ ಇದು.

ಒಂದು ಪ್ರಸಿದ್ಧ ನಿದರ್ಶನ

ಫ್ಲಾರಿಡಾದ ಆರ್ಲ್ಯಾಂಡೊ ಬಳಿಯ ವಾಲ್ಟ್ ಡಿಸ್ನಿ ವರ್ಲ್ಡ್‌ನಲ್ಲಿ ೧೯೯೧ರಲ್ಲಿ ಆರಂಭವಾದ ಡಿಸ್ನಿ ವೆಕೇಷನ್ ಕ್ಲಬ್ ಈ ಪದ್ಧತಿಯನ್ನು ಅರಿಯಲು ಒಳ್ಳೆಯ ನಿದರ್ಶನ. ಅದರ ಮೊದಲ ವಸತಿಧಾಮಕ್ಕೆ ಈಗ ಓಲ್ಡ್ ಕೀ ವೆಸ್ಟ್ ಎಂದು ಹೆಸರು. ಕೊಂಡವರ ಪತ್ರ ಆರೆಂಜ್ ಕೌಂಟಿಯ ದಫ್ತರದಲ್ಲಿ ದಾಖಲಾಗುತ್ತದೆ. ಆದರೆ ನೆಲ ಡಿಸ್ನಿ ಸಂಸ್ಥೆಯದೇ. ಕೊಂಡವರದು ಗುತ್ತಿಗೆಯ ನೆಲದ ಮೇಲಿನ ಕಟ್ಟಡದಲ್ಲಿ ಅವಿಭಕ್ತ ಪಾಲು. ಮೊದಲ ಪತ್ರಗಳ ಗುತ್ತಿಗೆ ೨೦೪೨ನೆಯ ಇಸವಿಯ ಜನವರಿ ೩೧ಕ್ಕೆ ಮುಗಿಯುತ್ತದೆ. ಹೆಚ್ಚಿನ ಹಣ ತೆತ್ತವರಿಗೆ ೨೦೫೭ರವರೆಗೆ ಮುಂದುವರಿಯುತ್ತದೆ. ಅನಂತರ ಪಾಲೂ ಇಲ್ಲ, ಪಾಯಿಂಟೂ ಇಲ್ಲ. ಕ್ರಯಪತ್ರವೆಂದ ಮಾತ್ರಕ್ಕೆ ಆಚಂದ್ರಾರ್ಕವೆಂದು ಭಾವಿಸಬಾರದೆಂಬುದಕ್ಕೆ ಇದು ಸಾಕ್ಷಿ.

ಪಾಲು ಯಾವ ವಸತಿಧಾಮದಲ್ಲಿದೆಯೋ ಅದು ಸದಸ್ಯನ ‘ತವರು’. ಅಲ್ಲಿ ೧೧ ತಿಂಗಳು ಮುಂಚಿತವಾಗಿ ಕೋಣೆ ಕಾದಿರಿಸಬಹುದು. ಕ್ಲಬ್ಬಿನ ಉಳಿದ ವಸತಿಧಾಮಗಳಲ್ಲಿ ೭ ತಿಂಗಳು ಮುಂಚಿತವಾಗಿ. ಈ ನಾಲ್ಕು ತಿಂಗಳ ಅಂತರವೇ ಪತ್ರ ಕೊಡುವ ಪ್ರಾಶಸ್ತ್ಯ. ಈ ವರ್ಷ ಖರ್ಚಾಗದ ಪಾಯಿಂಟನ್ನು ಮುಂದಿನ ವರ್ಷಕ್ಕೆ ಕೂಡಿಡಬಹುದು. ಮುಂದಿನ ವರ್ಷದ್ದನ್ನು ಈಗಲೇ ಕಡ ತರಬಹುದು.

ಈ ಕ್ಲಬ್ಬಿನಲ್ಲಿ ೨೦೧೯ರಲ್ಲಿ ನಡೆದ ಒಂದು ಬದಲಾವಣೆ ನಮ್ಮ ವಿಷಯಕ್ಕೆ ಕನ್ನಡಿ ಹಿಡಿಯುತ್ತದೆ. ಆ ವರ್ಷದ ಜನವರಿ ೧೯ರ ಬಳಿಕ, ಕ್ಲಬ್ಬಿನಿಂದ ನೇರವಾಗಿ ಕೊಳ್ಳದೆ ಹಳೆಯ ಸದಸ್ಯರಿಂದ ಕೊಂಡವರಿಗೆ, ಅದೇ ವರ್ಷದ ಕೊನೆಯಲ್ಲಿ ತೆರೆದ ರಿವಿಯೆರಾ ವಸತಿಧಾಮದಲ್ಲಿ ಆ ಪಾಯಿಂಟುಗಳು ಸಲ್ಲದಂತಾದುವು. ರಿವಿಯೆರಾದ ಪಾಲನ್ನು ಮತ್ತೊಬ್ಬರಿಂದ ಕೊಂಡವರಿಗೆ ಆ ಪಾಯಿಂಟು ರಿವಿಯೆರಾದಲ್ಲಿ ಮಾತ್ರ ಸಲ್ಲುತ್ತದೆ. ಎಂದರೆ, ಪತ್ರ ಕೈಯಿಂದ ಕೈಗೆ ದಾಟುತ್ತದೆ. ತವರಿನ ಹಕ್ಕೂ ಅದರೊಡನೆ ದಾಟುತ್ತದೆ. ಆದರೆ ಎಲ್ಲೆಡೆ ಸಲ್ಲುವ ಸೌಕರ್ಯ ದಾಟುವುದಿಲ್ಲ. ಆ ಸೌಕರ್ಯ ಕ್ಲಬ್ಬಿನ ನಿಯಮದಿಂದ ಬಂದದ್ದು, ನಿಯಮದಿಂದಲೇ ಹೋಗಬಲ್ಲದು.

ಎಲ್ಲ ಸಂಸ್ಥೆಗಳೂ ಇದೇ ಮಾದರಿಯನ್ನು ಅನುಸರಿಸುವುದಿಲ್ಲ. ಮ್ಯಾರಿಯಟ್ ವೆಕೇಷನ್ ಕ್ಲಬ್ ೨೦೧೦ರಲ್ಲಿ ಪಾಯಿಂಟ್ ಪದ್ಧತಿಗೆ ಬಂದಾಗ, ಹಲವು ಊರುಗಳ ಮನೆಗಳನ್ನು ಒಂದು ಟ್ರಸ್ಟಿನ ಹೆಸರಿಗೆ ಮಾಡಿತು. ಕೊಳ್ಳುವವನಿಗೆ ದೊರೆಯುವುದು ಆ ಟ್ರಸ್ಟಿನಲ್ಲಿ ಫಲಾನುಭವಿಯ ಪಾಲು. ಒಂದೊಂದು ಪಾಲಿಗೂ ೨೫೦ ಪಾಯಿಂಟು. ಯಾವ ಒಂದು ಮನೆಯೂ ಆತನ ತವರಲ್ಲ. ಡಿಸ್ನಿ ಮಾದರಿಯಲ್ಲಿ ಒಂದು ಮನೆಯ ಚೂರು ಸಿಕ್ಕರೆ, ಇಲ್ಲಿ ಹಲವು ಮನೆಗಳ ಕಣಗಳು ಸಿಗುತ್ತವೆ.

ಬಿಟ್ಟೆನೆಂದರೂ ಬಿಡದ ಹೊರೆ

ಇಲ್ಲಿಯವರೆಗೆ ಹೇಳಿದ್ದು ಭೋಗದ ಮಾತು. ಇನ್ನು ಭಾರದ ಮಾತು. ಒಡೆಯನಾದವನು ಮನೆಯ ಖರ್ಚನ್ನು ಹೊರಬೇಕಾದುದು ನ್ಯಾಯ. ತೆರಿಗೆ, ವಿಮೆ, ಸಿಬ್ಬಂದಿಯ ಸಂಬಳ, ಮುಂದಿನ ದುರಸ್ತಿಯ ನಿಧಿ ಎಲ್ಲವನ್ನೂ ಕೂಡಿಸಿ ವರ್ಷವರ್ಷವೂ ಪಾಯಿಂಟಿಗೆ ಇಷ್ಟೆಂದು ವಂತಿಗೆ ವಿಧಿಸುತ್ತಾರೆ. ನಮ್ಮ ಕಲ್ಪಿತ ಕುಟುಂಬಕ್ಕೆ ಪಾಯಿಂಟೊಂದಕ್ಕೆ ೮ ಡಾಲರಿನಂತೆ ವರ್ಷಕ್ಕೆ ೧,೧೬೮ ಡಾಲರು. ಅದು ವರ್ಷಕ್ಕೆ ಶೇಕಡ ೪ರಂತೆ ಏರಿದರೆ ೧೮ ವರ್ಷಗಳಲ್ಲಿ ಇಮ್ಮಡಿಯಾಗುತ್ತದೆ. ರಜೆಗೆ ಹೋದರೂ ಇದು ತಪ್ಪದು. ಕಾಯಿಲೆ ಬಿದ್ದು ಮನೆಯಲ್ಲೇ ಉಳಿದರೂ ತಪ್ಪದು. ತೆರದೆ ಬಿಟ್ಟರೆ ಬಾಕಿಗಾಗಿ ಪಾಲನ್ನೇ ಮುಟ್ಟುಗೋಲು ಹಾಕಿಸಿ ಹರಾಜಿಗೆ ತರುವ ಅಧಿಕಾರ ಸಂಘಕ್ಕಿದೆ.

ಬೇಡವಾದರೆ ಮಾರಿಬಿಡಬಹುದಲ್ಲ ಎನ್ನಬಹುದು. ಮಾರಬಹುದು, ಕೊಳ್ಳುವವರು ಬೇಕು. ಡಿಸ್ನಿಯಂಥ ಕೆಲವು ಹೆಸರುಗಳಿಗೆ ಎರಡನೆಯ ಕೈಯಲ್ಲೂ ಬೆಲೆ ಉಳಿದಿದೆ. ಉಳಿದ ಅನೇಕ ಪಾಲುಗಳು ಕೊಂಡ ಬೆಲೆಯ ಅಲ್ಪಾಂಶಕ್ಕೂ ಹೋಗುವುದಿಲ್ಲ. ಒಂದೇ ಡಾಲರಿಗೆ ಮಾರಾಟಕ್ಕಿಟ್ಟ ಪಾಲುಗಳೂ ಉಂಟು. ನಮ್ಮಲ್ಲಿ ನಿವೇಶನದ ಬೆಲೆ ಏರುವುದನ್ನೇ ಕಂಡವರು ಅದೇ ನಿರೀಕ್ಷೆಯನ್ನು ಇಲ್ಲಿಗೂ ಹೊತ್ತು ತಂದರೆ ನಿರಾಶರಾಗುತ್ತಾರೆ. ನಿವೇಶನದ ಬೆಲೆ ನೆಲದ ಕೊರತೆಯಿಂದ ಏರುತ್ತದೆ. ಪಾಯಿಂಟಿನ ಮೊದಲ ಬೆಲೆಯಲ್ಲಾದರೋ ಜಾಹೀರಾತು, ಉಡುಗೊರೆ, ಮಾರಾಟಗಾರನ ದಲ್ಲಾಳಿ ಎಲ್ಲವೂ ಸೇರಿರುತ್ತದೆ. ಅವನ್ನು ಎರಡನೆಯ ಕೊಳ್ಳುವವನು ಹಿಂದಿರುಗಿಸುವುದಿಲ್ಲ.

ಕೊನೆಯ ದಿನ ನಿಗದಿಯಾಗದ ಪತ್ರಗಳ ಪಾಡು ಇನ್ನೂ ಕಠಿನ. ತಂದೆ ತಾಯಿ ತೀರಿಕೊಂಡಾಗ ಅಂಥ ಪಾಲು ಅವರ ಉಳಿದ ಆಸ್ತಿಯೊಡನೆ ಸೇರುತ್ತದೆ. ಅದು ಬೇರೆ ರಾಜ್ಯದಲ್ಲಿದ್ದರೆ ಆ ರಾಜ್ಯದ ನ್ಯಾಯಾಲಯದಲ್ಲೇ ಪ್ರತ್ಯೇಕವಾಗಿ ವ್ಯವಹಾರ ನಡೆಸಬೇಕಾಗಬಹುದು. ಒಲ್ಲದ ಆಸ್ತಿಯನ್ನು ಯಾರ ಕೊರಳಿಗೂ ಕಟ್ಟುವಂತಿಲ್ಲ. ಮಕ್ಕಳು ಲಿಖಿತವಾಗಿ ನಿರಾಕರಿಸಬಹುದು. ಆದರೆ ಅಮೆರಿಕದ ಕೇಂದ್ರ ತೆರಿಗೆ ಕಾನೂನು ಇದಕ್ಕೆ ಮನ್ನಣೆ ಕೊಡಬೇಕಾದರೆ, ಸಾಮಾನ್ಯವಾಗಿ ೯ ತಿಂಗಳೊಳಗೆ, ಆ ಪಾಲಿನ ಸುಖವನ್ನು ಅನುಭವಿಸುವ ಮುನ್ನವೇ ನಿರಾಕರಿಸಬೇಕು. ಅಪ್ಪನ ನೆನಪಿಗೆಂದು ಒಂದು ಸಲ ಹೋಗಿ ಬರೋಣ ಎನ್ನುವ ಮಕ್ಕಳು ಹೋಗುವ ಮುನ್ನ ವಕೀಲರನ್ನು ಕೇಳುವುದು ಒಳ್ಳೆಯದು.

ಕೊನೆಯಿಲ್ಲದ ಇಂಥ ಕರಾರನ್ನು ಸ್ಪೇನ್ ದೇಶ ಒಪ್ಪಲಿಲ್ಲ. ಅಲ್ಲಿ ೧೯೯೮ರ ಕಾನೂನು ಈ ಹಕ್ಕಿನ ಅವಧಿಯನ್ನು ಗರಿಷ್ಠ ೫೦ ವರ್ಷಕ್ಕೆ ಮಿತಿಗೊಳಿಸಿತು. ೨೦೧೫ರಿಂದೀಚೆಗೆ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಆ ಕಾನೂನಿನ ಬಳಿಕವೂ ಕೊನೆಯಿಲ್ಲದಂತೆ ಮಾಡಿಕೊಂಡ ಕರಾರುಗಳನ್ನು ಅಸಿಂಧುವೆಂದು ತೀರ್ಪಿತ್ತಿತು. ಶಾಶ್ವತ ಎಂಬ ಪದ ಮಾರುವವನ ಬಾಯಲ್ಲಿ ವರದಂತೆ ಕೇಳಿದರೂ ನ್ಯಾಯಾಧೀಶರ ದೃಷ್ಟಿಗೆ ಅದು ಹೊರೆಯಾಗಿ ಕಂಡಿತು.

ನಮ್ಮ ದೇಶದ ಮಾತು

ಭಾರತದಲ್ಲಿ ಪ್ರಸಿದ್ಧವಾದ ರಜಾ ಕ್ಲಬ್ಬುಗಳ ರೀತಿ ಬೇರೆ. ಕೊಡಗಿನಲ್ಲಿಯೂ ವಸತಿಧಾಮಗಳನ್ನು ಹೊಂದಿರುವ ಕ್ಲಬ್ ಮಹೀಂದ್ರಾ ಹೆಸರು ಮಾಡಿದ್ದು ೨೫ ವರ್ಷಗಳ ಸದಸ್ಯತ್ವದಿಂದ. ಅದು ತಂಗುವ ಹಕ್ಕು, ಕಟ್ಟಡದಲ್ಲಿ ಪಾಲಲ್ಲ. ಇವೆರಡನ್ನೂ ಬೇರ್ಪಡಿಸಲು ನಮ್ಮಲ್ಲಿ ಒಂದು ಸುಲಭವಾದ ಒರೆಗಲ್ಲಿದೆ. ೧೮೮೨ರ ಸ್ವತ್ತು ವರ್ಗಾವಣೆ ಕಾನೂನಿನ ಪ್ರಕಾರ ನೂರು ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಬೆಲೆಯ ಸ್ಥಿರಾಸ್ತಿಯ ಕ್ರಯ ನೋಂದಾಯಿತ ಪತ್ರದಿಂದಲೇ ಆಗಬೇಕು. ಸಬ್ ರಿಜಿಸ್ಟ್ರಾರರ ಮುಂದೆ ಹೋಗದೆ ‘ನೀವು ಒಡೆಯರಾದಿರಿ’ ಎಂದು ಯಾರಾದರೂ ಅಂದರೆ, ಒಡೆತನ ಮಾತಿನಲ್ಲಿದೆಯೇ ಹೊರತು ಸ್ವತ್ತಿನಲ್ಲಿಲ್ಲ.

ಯಾವುದು ಮೇಲು ಎಂದು ಒಂದೇ ಮಾತಿನಲ್ಲಿ ಹೇಳಲಾಗದು. ಪತ್ರವಿದ್ದರೆ ಪಾಲು ಗಟ್ಟಿ, ಬಿಡುಗಡೆ ಕಷ್ಟ. ಸದಸ್ಯತ್ವವಾದರೆ ಅವಧಿ ಮುಗಿದಾಗ ಋಣವೂ ಮುಗಿಯುತ್ತದೆ, ಆದರೆ ಕೈಯಲ್ಲಿ ಉಳಿಯುವುದೇನೂ ಇಲ್ಲ. ವರ್ಷವರ್ಷವೂ ತಪ್ಪದೆ ಒಂದೇ ಬಗೆಯ ಸ್ಥಳಗಳಿಗೆ ಹೋಗುವ, ಒಂದು ವರ್ಷ ಮುಂಚೆಯೇ ರಜೆಯನ್ನು ನಿಶ್ಚಯಿಸಬಲ್ಲ ಕುಟುಂಬಕ್ಕೆ ಈ ಒಡೆತನ ಸುಖವನ್ನೂ ಉಳಿತಾಯವನ್ನೂ ಕೊಡಬಹುದು.

ಆದ್ದರಿಂದ ಮಾರಾಟದ ಕೊಠಡಿಯಲ್ಲಿ ಬಣ್ಣದ ಚಿತ್ರಗಳನ್ನು ಸರಿಸಿ ಮೂರು ಕಾಗದಗಳನ್ನು ಕೇಳಬೇಕು: ಕ್ರಯಪತ್ರದ ಕರಡು, ಪಾಯಿಂಟುಗಳ ಪಟ್ಟಿ, ಕಳೆದ ಹತ್ತು ವರ್ಷಗಳ ವಂತಿಗೆಯ ಲೆಕ್ಕ. ಮೊದಲನೆಯದು ಏನನ್ನು ಎಲ್ಲಿಯವರೆಗೆ ಕೊಂಡಿರಿ ಎಂಬುದನ್ನು ಹೇಳುತ್ತದೆ. ಎರಡನೆಯದು ಅದರಿಂದ ಎಷ್ಟು ರಾತ್ರಿ ಸಿಗುತ್ತದೆಂಬುದನ್ನು. ಮೂರನೆಯದು ಅದನ್ನು ಉಳಿಸಿಕೊಳ್ಳಲು ಏನು ತೆರಬೇಕೆಂಬುದನ್ನು. ಅವಸರದಲ್ಲಿ ರುಜು ಹಾಕಿದವರಿಗೂ ಫ್ಲಾರಿಡಾದ ಕಾನೂನು ಹತ್ತು ದಿನಗಳ ಅವಕಾಶ ಕೊಡುತ್ತದೆ. ಅಷ್ಟರೊಳಗೆ ಲಿಖಿತವಾಗಿ ತಿಳಿಸಿದರೆ ಕರಾರು ರದ್ದಾಗಿ ಹಣ ಹಿಂದಕ್ಕೆ ಬರುತ್ತದೆ. ಈ ಹಕ್ಕನ್ನು ಯಾವ ಷರತ್ತಿನಿಂದಲೂ ಬಿಡಿಸಿಕೊಳ್ಳುವಂತಿಲ್ಲ. ಮನೆಗೆ ಮರಳಿ, ಬೆಳೆದ ಮಕ್ಕಳನ್ನೂ ಕೂರಿಸಿಕೊಂಡು, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಓದಲು ಹತ್ತು ದಿನ ಸಾಕು. ನಾಳೆ ಆ ಪಾಲು ಯಾರ ಹೆಗಲೇರುವುದೋ ಅವರ ಅಭಿಪ್ರಾಯವನ್ನು ಇಂದೇ ಕೇಳುವುದು ವಿವೇಕ.